ನಾಲ್ಕು ಜನ ಏನೆಂದಾರು?

ನಮ್ಮ ಮನೆಗಳಲ್ಲಿ ಮಕ್ಕಳನ್ನು ತಿದ್ದಲು ಬಳಸುವ ಮಾತುಗಳಲ್ಲಿ ‘ನಾಲ್ಕು ಜನ ಏನೆಂದಾರು?’ ಎಂಬುದಕ್ಕಿಂತ ಹಳೆಯದೂ ಹರಿತವಾದುದೂ ಇನ್ನೊಂದು ಇರಲಾರದು. ಜೋರಾಗಿ ನಕ್ಕರೆ ನಾಲ್ಕು ಜನ, ತಲೆ ಬಾಚದೆ ಬೀದಿಗಿಳಿದರೆ ನಾಲ್ಕು ಜನ, ಪರೀಕ್ಷೆಯಲ್ಲಿ ಅಂಕ ಕಡಮೆಯಾದರೆ ಅದೇ ನಾಲ್ಕು ಜನ. ಈ ನಾಲ್ವರು ಯಾರು, ಇವರ ಮನೆ ಎಲ್ಲಿ, ನಮ್ಮ ವಿಷಯ ಬಿಟ್ಟು ಇವರಿಗೆ ಬೇರೆ ಕೆಲಸವಿಲ್ಲವೆ ಎಂದು ಕೇಳುವ ಧೈರ್ಯ ಯಾವ ಮಗುವಿಗೂ ಬರುವುದಿಲ್ಲ. ಕೇಳಿದರೆ ಉತ್ತರ ಹೇಳಬಲ್ಲ ತಂದೆತಾಯಿಗಳೂ ಇಲ್ಲ. ಹೆಣ ಹೊರುವುದಕ್ಕೆ ನಾಲ್ಕು ಜನ ಬೇಕಲ್ಲ, ಅವರೇ ಇವರು ಎಂದು ನಮ್ಮ ಊರಿನ ಹಿರಿಯರೊಬ್ಬರು ಹಾಸ್ಯ ಮಾಡುತ್ತಿದ್ದರು. ಕೊನೆಯ ದಿನ ಹೆಗಲು ಕೊಡುವವರ ಮುಲಾಜಿನಲ್ಲಿ ಬದುಕಿರುವಷ್ಟು ದಿನವೂ ಇರಬೇಕು ಎಂಬುದು ಆ ಹಾಸ್ಯದ ಒಳಗಿನ ಗಂಭೀರಾರ್ಥ.

ಈ ನಾಲ್ವರನ್ನು ಚಿಕ್ಕಂದಿನಿಂದ ನಾನು ಪ್ರೀತಿಸಿದವನಲ್ಲ. ಆದರೆ ಈಚೆಗೆ ಅವರ ಬಗೆಗೆ ಒಂದು ಬಗೆಯ ಗೌರವವೇ ಹುಟ್ಟಿದೆ. ಏನೇ ಆಗಲಿ ಅವರು ನಾಲ್ಕೇ ಜನ. ಅವರಿಗೆ ಮುಖವಿತ್ತು, ಹೆಸರಿತ್ತು. ಅವರ ಮನೆಯಲ್ಲೂ ಹೊಸ್ತಿಲು ದಾಟದ ಗುಟ್ಟುಗಳಿದ್ದವು. ರಾತ್ರಿ ಒಂಬತ್ತಕ್ಕೆ ಅವರು ಬಾಗಿಲು ಹಾಕಿಕೊಂಡು ಮಲಗುತ್ತಿದ್ದರು. ಮುಖ್ಯವಾಗಿ ಅವರಿಗೆ ಮರೆವು ಎಂಬ ದೊಡ್ಡ ಗುಣವಿತ್ತು. ನಮ್ಮ ಹುಡುಗ ನಪಾಸಾದ ಸುದ್ದಿ ಮರುದಿನ ಎದುರುಮನೆಯವರ ಎಮ್ಮೆ ಕಳೆದುಹೋದ ಸುದ್ದಿಯಲ್ಲಿ ಮುಳುಗಿಹೋಗುತ್ತಿತ್ತು. ಇಂದು ಮೊಬೈಲು ಹಿಡಿದ ಹದಿನೈದರ ಹುಡುಗನಿಗಾಗಲಿ ಹುಡುಗಿಗಾಗಲಿ ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಅವರ ನಾಲ್ಕು ಜನ ನಾನೂರಾಗಿದ್ದಾರೆ, ನಾಲ್ಕು ಸಾವಿರವಾಗಿದ್ದಾರೆ. ಅವರಲ್ಲಿ ಅರ್ಧಕ್ಕರ್ಧ ಜನರ ಮುಖವನ್ನು ಇವರು ಕಂಡಿಲ್ಲ. ಅವರು ನಿದ್ರೆ ಮಾಡುವುದಿಲ್ಲ, ಮರೆಯುವುದೂ ಇಲ್ಲ. ಅವರು ಏನೆಂದಾರು ಎಂಬುದು ಊಹೆಯಾಗಿಯೂ ಉಳಿದಿಲ್ಲ. ಒಂದು ಅಂಕಿಯಾಗಿ ಅಂಗೈಯಲ್ಲೇ ಬಂದು ಕೂರುತ್ತದೆ.

2009ರ ಫೆಬ್ರವರಿಯಲ್ಲಿ ಫೇಸ್‌ಬುಕ್ಕಿನವರು ‘ಲೈಕ್’ ಎಂಬ ಗುಂಡಿಯನ್ನು ತಮ್ಮ ಪುಟಗಳಲ್ಲಿ ಇಟ್ಟರು. ಮರುವರ್ಷದ ಅಕ್ಟೋಬರಿನಲ್ಲಿ ಇನ್‌ಸ್ಟಾಗ್ರಾಮ್ ಬಂತು. ಮೆಚ್ಚುಗೆ ಎಂಬ, ತೂಗಲೂ ಅಳೆಯಲೂ ಬಾರದ ವಸ್ತು ಹೀಗೆ ಎಣಿಸಿ ನೋಡಬಹುದಾದ ಸರಕಾಯಿತು. ಹದಿಹರೆಯದವರ ಮನಸ್ಸಿನ ಆರೋಗ್ಯಕ್ಕೂ ಸಾಮಾಜಿಕ ಜಾಲತಾಣಗಳಿಗೂ ಇರುವ ಸಂಬಂಧದ ಮಾತು ಬಂದಾಗಲೆಲ್ಲ ನಾವು ಕೇಳುವುದು ಒಂದೇ ಪ್ರಶ್ನೆ: ಮಗು ದಿನಕ್ಕೆ ಎಷ್ಟು ಹೊತ್ತು ಅದನ್ನು ನೋಡುತ್ತದೆ? ನನಗೆ ತೋರುವಂತೆ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು. ಮಗು ದಿನಕ್ಕೆ ಎಷ್ಟು ಹೊತ್ತು ನೋಡಲ್ಪಡುತ್ತದೆ? ಕರ್ಮಣಿ ಪ್ರಯೋಗ ಕನ್ನಡದ ಜಾಯಮಾನಕ್ಕೆ ಒಗ್ಗುವುದಿಲ್ಲವೆಂದು ತರಗತಿಯಲ್ಲಿ ಪಾಠ ಹೇಳುವವನು ನಾನು. ಇಲ್ಲಿ ಮಾತ್ರ ಅದಿಲ್ಲದೆ ಗತಿಯಿಲ್ಲ. ಈ ಮಕ್ಕಳ ಬಾಳೇ ಕರ್ಮಣಿಯಾಗಿಬಿಟ್ಟಿದೆ.

ಹೊತ್ತಿನ ಲೆಕ್ಕದಲ್ಲಿ ವಿದ್ವಾಂಸರಿಗೇ ಒಮ್ಮತವಿಲ್ಲ. 2019ರಲ್ಲಿ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಷಿಬಿಲ್‌ಸ್ಕಿ ಎಂಬ ಸಂಶೋಧಕರು ಇಂಗ್ಲೆಂಡು ಅಮೆರಿಕಗಳ ಮೂರೂವರೆ ಲಕ್ಷಕ್ಕೂ ಹೆಚ್ಚು ಹದಿಹರೆಯದವರ ಮಾಹಿತಿಯನ್ನು ಜರಡಿ ಹಿಡಿದು, ಅವರ ಮನಸ್ಸೌಖ್ಯದ ಏರುಪೇರಿನಲ್ಲಿ ಈ ಯಂತ್ರಗಳ ಬಳಕೆಯಿಂದ ವಿವರಿಸಬಹುದಾದ ಪಾಲು ಹೆಚ್ಚೆಂದರೆ ಶೇಕಡ 0.4 ಎಂದರು, ಆಲೂಗೆಡ್ಡೆ ತಿನ್ನುವುದಕ್ಕೂ ಮನಸ್ಸೌಖ್ಯಕ್ಕೂ ಇರುವ ಸಂಬಂಧ ಹೆಚ್ಚುಕಡಮೆ ಅಷ್ಟೇ ಎಂದು ತೋರಿಸಿಕೊಟ್ಟರು. ಅತ್ತ 2023ರ ಮೇ ತಿಂಗಳಲ್ಲಿ, ಆಗ ಅಮೆರಿಕದ ಸರ್ಜನ್ ಜನರಲ್ ಆಗಿದ್ದ ಡಾ. ವಿವೇಕ್ ಮೂರ್ತಿಯವರು (ಇವರ ಮನೆತನದ ಮೂಲ ನಮ್ಮ ಮಂಡ್ಯ ಜಿಲ್ಲೆಯ ಹಲ್ಲೆಗೆರೆ), ಈ ತಾಣಗಳು ಮಕ್ಕಳಿಗೆ ಸುರಕ್ಷಿತವೆನ್ನಲು ಸಾಕಷ್ಟು ಆಧಾರವಿಲ್ಲವೆಂದು ಅಧಿಕೃತವಾಗಿಯೇ ಎಚ್ಚರಿಸಿದರು. ದಿನಕ್ಕೆ 3 ಗಂಟೆಗಿಂತ ಹೆಚ್ಚು ಅದರಲ್ಲಿ ಕಳೆಯುವವರಿಗೆ ಖಿನ್ನತೆ, ಆತಂಕಗಳ ಲಕ್ಷಣ ತೋರುವ ಅಪಾಯ ಎರಡರಷ್ಟೆಂಬ ಅಧ್ಯಯನವನ್ನು ಅವರು ಎತ್ತಿ ಹೇಳಿದರು. 2024ರಲ್ಲಿ, ಸಿಗರೇಟಿನ ಪೊಟ್ಟಣದ ಮೇಲಿರುವಂಥ ಎಚ್ಚರಿಕೆಯ ಮಾತು ಇವುಗಳ ಮೇಲೂ ಇರಲಿ ಎಂದರು.

ಈ ಎರಡರಲ್ಲಿ ಯಾವುದನ್ನು ನಂಬುವುದು? ಎರಡನ್ನೂ ನಂಬಬಹುದೆಂದೇ ನನ್ನ ಭಾವನೆ. ಊರಿನ ಊಟದ ಸರಾಸರಿ ತೆಗೆದರೆ ಉಪವಾಸ ಬಿದ್ದವನೂ ಅರ್ಧ ಹೊಟ್ಟೆ ಉಂಡಂತೆ ಕಾಣುತ್ತಾನೆ. ಹತ್ತು ಮಕ್ಕಳಲ್ಲಿ ಆರು ಮಂದಿಗೆ ಏನೂ ಆಗದೆ, ಇಬ್ಬರಿಗೆ ಒಳ್ಳೆಯದೇ ಆಗಿ, ಉಳಿದಿಬ್ಬರು ಒಳಗೊಳಗೇ ಕುಸಿದರೆ ಲೆಕ್ಕದಲ್ಲಿ ಬರುವುದು ಆಲೂಗೆಡ್ಡೆಯೇ. ಇದು ಅಳತೆ ಮಾಡಿದವರ ತಪ್ಪಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ, ಫೋನು ಮತ್ತು ಅಂತರಜಾಲದ ಹಿಡಿತದಿಂದ ಬಿಡಿಸಿಕೊಳ್ಳಲಾರದವರಿಗೆಂದೇ 2014ರಲ್ಲಿ ಒಂದು ಚಿಕಿತ್ಸಾಲಯ ತೆರೆಯಿತು. ಅದರ ಬಾಗಿಲಿಗೆ ಸರಾಸರಿ ಮಗು ಎಂಬುದು ಬರುವುದಿಲ್ಲ. ಯಾರೋ ಒಬ್ಬರ ಮಗು ಬರುತ್ತದೆ.

ವಯಸ್ಸಿನ ಮಾತಿಗೆ ಬರೋಣ. 1967ರಲ್ಲಿ ಡೇವಿಡ್ ಎಲ್ಕೈಂಡ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಹದಿಹರೆಯದವರ ಸ್ವಭಾವವೊಂದನ್ನು ‘ಕಲ್ಪಿತ ಪ್ರೇಕ್ಷಕರು’ ಎಂಬ ಅರ್ಥದ ಹೆಸರಿನಿಂದ ಗುರುತಿಸಿದರು. ಆ ವಯಸ್ಸಿನವನಿಗೆ ತಾನು ಸದಾ ರಂಗಸ್ಥಳದ ಮೇಲೆ ಇದ್ದಂತೆ, ಜಗತ್ತೆಲ್ಲ ಎದುರಿಗೆ ಕುಳಿತು ತನ್ನನ್ನೇ ನೋಡುತ್ತಿರುವಂತೆ ಭಾಸವಾಗುತ್ತದಂತೆ. ಮೂಗಿನ ಮೇಲೊಂದು ಮೊಡವೆ ಎದ್ದ ದಿನ ಶಾಲೆಗೆ ಹೋಗಲಾರೆನೆಂದು ಹಟ ಹಿಡಿದವರಿಗೆಲ್ಲ ಇದು ಗೊತ್ತು. ಹಿಂದೆ ಇದಕ್ಕೆ ಒಂದು ಸಹಜವಾದ ಮದ್ದಿತ್ತು. ಅಳುಕುತ್ತಲೇ ಶಾಲೆಗೆ ಹೋದರೆ ಮೊಡವೆಯನ್ನು ಯಾರೂ ಗಮನಿಸಿರುತ್ತಿರಲಿಲ್ಲ. ಎಲ್ಲರಿಗೂ ಅವರವರ ಮೊಡವೆಯೇ ಚಿಂತೆ. ಹೀಗೆ ನಾಲ್ಕು ವರ್ಷ ಕಳೆಯುವುದರಲ್ಲಿ, ಲೋಕಕ್ಕೆ ನನ್ನನ್ನು ನೋಡಲು ಪುರುಸೊತ್ತಿಲ್ಲ ಎಂಬ ದೊಡ್ಡ ಸಮಾಧಾನ ತಾನಾಗಿ ಮನಸ್ಸಿಗೆ ಇಳಿಯುತ್ತಿತ್ತು. ದೊಡ್ಡವರಾಗುವುದು ಎಂದರೆ ಬಹುಮಟ್ಟಿಗೆ ಇದೇ ಇರಬೇಕು. ಕಲ್ಪಿತ ಪ್ರೇಕ್ಷಕರನ್ನು ನಿಜವಾದ ಪ್ರೇಕ್ಷಕರನ್ನಾಗಿ ಮಾಡಿ, ಅವರ ಎಣಿಕೆಯನ್ನೂ ಬರೆದು ಮುಂದಿಟ್ಟರೆ ಆ ಸಮಾಧಾನ ಎಲ್ಲಿಂದ ಬಂದೀತು? ಹಿಂದಿನ ಮಗು ಭ್ರಮೆಪಡುತ್ತಿತ್ತು, ಭ್ರಮೆಗೆ ಪರಿಹಾರವುಂಟು. ಇಂದಿನ ಮಗುವಿನದು ಭ್ರಮೆಯೆಂದು ಹೇಳುವಂತೆಯೂ ಇಲ್ಲ.

ಪ್ರೇಕ್ಷಕರು ನಿಜವೆಂದೆ. ಪೂರ್ತಿ ನಿಜವೂ ಅಲ್ಲ. 2016ರಲ್ಲಿ ಕ್ಯಾಲಿಫೋರ್ನಿಯದ ವಿಶ್ವವಿದ್ಯಾಲಯವೊಂದರ ಸಂಶೋಧಕರು ಕೆಲವು ಹುಡುಗ ಹುಡುಗಿಯರನ್ನು ಮೆದುಳಿನ ಚಿತ್ರ ತೆಗೆಯುವ ಯಂತ್ರದಲ್ಲಿ ಮಲಗಿಸಿ, ಇನ್‌ಸ್ಟಾಗ್ರಾಮಿನ ಮಾದರಿಯಲ್ಲಿ ಚಿತ್ರಗಳನ್ನು ತೋರಿಸಿದರು. ಪ್ರತಿ ಚಿತ್ರದ ಕೆಳಗೆ ಎಷ್ಟು ಜನ ಮೆಚ್ಚಿದರೆಂಬ ಅಂಕಿ ಇತ್ತು. ಆ ಅಂಕಿಗಳನ್ನು ಸಂಶೋಧಕರೇ ಬರೆದಿದ್ದರು. ಒಂದೇ ಚಿತ್ರಕ್ಕೆ ಅರ್ಧ ಮಂದಿಗೆ ದೊಡ್ಡ ಅಂಕಿ, ಉಳಿದರ್ಧ ಮಂದಿಗೆ ಚಿಕ್ಕ ಅಂಕಿ. ಅಂಕಿ ದೊಡ್ಡದಿದ್ದಾಗ ಮಕ್ಕಳೂ ಆ ಚಿತ್ರವನ್ನು ಹೆಚ್ಚಾಗಿ ಮೆಚ್ಚಿದರು. ತಮ್ಮದೇ ಚಿತ್ರಕ್ಕೆ ದೊಡ್ಡ ಅಂಕಿ ಕಂಡಾಗ, ಸಿಹಿ ತಿಂದಾಗ ಚುರುಕಾಗುವಂಥ ಭಾಗ ಮೆದುಳಿನಲ್ಲಿ ಚುರುಕಾಯಿತು. ಬೀಡಿ, ಹೆಂಡದಂಥ ಅಪಾಯದ ಚಿತ್ರಗಳನ್ನು ನೋಡುವಾಗ ತನ್ನನ್ನು ತಾನು ತಡೆದುಕೊಳ್ಳುವ ಭಾಗ ಮಂಕಾಯಿತು. ಮೆಚ್ಚಿದರೆನ್ನಲಾದ ಆ ನಾಲ್ಕು ಜನ ಎಲ್ಲಿಯೂ ಇರಲೇ ಇಲ್ಲ!

ಪಿಯುಸಿ ಮೊದಲ ವರ್ಷದ ಹುಡುಗಿಯೊಬ್ಬಳು ಹೋದ ವರ್ಷ ಒಂದು ಪದ್ಯ ಬರೆದು ತೋರಿಸಿದಳು. ಅವಳ ಅಜ್ಜಿಯ ಎಲೆಯಡಕೆ ಚೀಲದ ಮೇಲೆ, ಹನ್ನೆರಡು ಸಾಲು. ಹೊಗಳುವುದರಲ್ಲಿ ನಾನು ಸ್ವಲ್ಪ ಜಿಪುಣ. ಆದರೂ ಚೀಲದ ದಾರ ಎಳೆದಾಗ ಬರುವ ಸದ್ದನ್ನು ಅವಳು ಹಿಡಿದಿದ್ದ ರೀತಿ ನೋಡಿ, ಇದನ್ನು ಕಾಲೇಜಿನ ಸಂಚಿಕೆಗೆ ಕೊಡು ಎಂದೆ. ವಾರ ಬಿಟ್ಟು ಕೇಳಿದರೆ, “ಅದನ್ನ ಡಿಲೀಟ್ ಮಾಡ್ಬಿಟ್ಟೆ ಸಾರ್” ಎಂದಳು. ಯಾಕಮ್ಮಾ ಎಂದರೆ, “ಇನ್‌ಸ್ಟಾದಲ್ಲಿ ಹಾಕಿದ್ದೆ ಸಾರ್, ಹದಿನೇಳೇ ಲೈಕ್ ಬಂದಿದ್ದು.” ಹದಿನೇಳು! ನಮ್ಮ ಕವಿಗೋಷ್ಠಿಗಳಲ್ಲಿ, ಮೈಕಿನವನನ್ನೂ ಸೇರಿಸಿ, ಹದಿನೇಳು ಜನ ಕುಳಿತಿದ್ದರೆ ಸಂಘಟಕರಿಗೆ ಸನ್ಮಾನ ಮಾಡಬೇಕು. ಆದರೆ ಅವಳ ಗೆಳತಿ ಹಾಕಿದ ಹೊಸ ಕಿವಿಯೋಲೆಯ ಚಿತ್ರಕ್ಕೆ ಮುನ್ನೂರು ಬಂದಿತ್ತು. ಆ ಸಂಜೆಗೆ ಈ ಮಗು ತನ್ನ ಅಜ್ಜಿಯನ್ನು ಅಳಿಸಿ ಹಾಕಿತು. ಅವಳು ಅಳಲಿಲ್ಲ, ಖಿನ್ನಳಾಗಿಯೂ ಕಾಣಲಿಲ್ಲ. ಹೇಳುವಾಗ ನಕ್ಕಳು. ವೈದ್ಯರ ಯಾವ ಪಟ್ಟಿಯಲ್ಲೂ ಈ ನಷ್ಟಕ್ಕೆ ಹೆಸರಿರಲಾರದು.

ಸಾಹಿತ್ಯ ಹೇಳುವವನಾದ್ದರಿಂದ ನನಗೆ ಇಲ್ಲಿ ಮುದ್ದಣ ನೆನಪಾಗುತ್ತಾನೆ. ನಂದಳಿಕೆಯ ಲಕ್ಷ್ಮೀನಾರಣಪ್ಪ, ಉಡುಪಿಯಲ್ಲಿ ಹುಡುಗರಿಗೆ ವ್ಯಾಯಾಮ ಹೇಳಿಕೊಡುತ್ತಿದ್ದ ಬಡ ಮೇಷ್ಟರು. ಬದುಕಿದ್ದು ಕೇವಲ ಮೂವತ್ತೊಂದು ವರ್ಷ. 1901ರಲ್ಲಿ ಕ್ಷಯ ಅವರನ್ನು ಕೊಂಡೊಯ್ಯಿತು. ತಮ್ಮ ನಿಜವಾದ ಹೆಸರನ್ನು ಮರೆಯಲ್ಲಿಟ್ಟು ಅವರು ರಾಮಾಶ್ವಮೇಧ ಬರೆದರು. ಅದರಲ್ಲಿ ಕಥೆ ಕೇಳುವವಳು ಮನೋರಮೆಯೊಬ್ಬಳೇ. ಅವಳು ‘ಲೈಕ್’ ಒತ್ತಿ ಮುಂದೆ ಹೋಗುವ ಪೈಕಿಯಲ್ಲ. ನಡುವೆ ಬಾಯಿ ಹಾಕುತ್ತಾಳೆ, ಕೆಣಕುತ್ತಾಳೆ, ಸಂಸ್ಕೃತ ಹೆಚ್ಚಾಯಿತೆಂದು ಆಕ್ಷೇಪಿಸುತ್ತಾಳೆ. ಅಂಥ ಒಬ್ಬಳೇ ಕೇಳುಗಳು ಆ ಕಾವ್ಯವನ್ನು ನೂರಿಪ್ಪತ್ತು ವರ್ಷ ಹೊತ್ತು ತಂದಿದ್ದಾಳೆ. ಭವಭೂತಿಯಂತೂ ಆ ಒಬ್ಬನೂ ಈಗ ಇಲ್ಲದಿದ್ದರೆ ಚಿಂತೆಯಿಲ್ಲ, ಕಾಲಕ್ಕೆ ಕೊನೆಯಿಲ್ಲ, ಭೂಮಿ ವಿಶಾಲವಾಗಿದೆ, ಎಂದಾದರೂ ಹುಟ್ಟಿಯಾನು ಎಂದು ಕಾದು ಕುಳಿತ. ಒಂದು ಸಂಜೆಯೂ ಕಾಯಲಾರದಂತೆ ಆ ಹುಡುಗಿಯನ್ನು ಮಾಡಿದ್ದು ಯಾವುದು?

ಅವಳ ದುರ್ಬಲ ಮನಸ್ಸು ಎಂದು ಹೇಳುವುದು ಸುಲಭ. ಇಂದ್ರಿಯನಿಗ್ರಹವನ್ನು ಉಪದೇಶಿಸುವುದಕ್ಕೆ ನಮ್ಮಲ್ಲಿ ಗ್ರಂಥಗಳ ಕೊರತೆಯಿಲ್ಲ. ಆದರೆ ನಿಗ್ರಹದ ಮಾತಾಡುವ ಮೊದಲು ಎದುರಿಗಿರುವುದು ಏನೆಂಬುದನ್ನೂ ನೋಡಬೇಕು. ನಮ್ಮ ಪಂಕ್ತಿಯ ಊಟದಲ್ಲಿ ಎಲೆ ಮಡಚಿದರೆ ಊಟ ಮುಗಿದಂತೆ; ಬಡಿಸುವವನು ಮುಂದೆ ಹೋಗುತ್ತಾನೆ. 2006ರಲ್ಲಿ ಏಜ಼ಾ ರಾಸ್ಕಿನ್ ಎಂಬಾತ, ಕೆಳಕ್ಕೆ ಸರಿಸಿದಷ್ಟೂ ಪುಟ ಮುಗಿಯದಂತೆ ಮಾಡುವ ಉಪಾಯವೊಂದನ್ನು ರೂಪಿಸಿದ. ಇದು ಎಲೆ ಮಡಚಲು ಬಿಡದ ಊಟ. ಅದನ್ನು ರೂಪಿಸಿದ್ದಕ್ಕೆ ಆತನೇ ಮುಂದೆ ಪಶ್ಚಾತ್ತಾಪ ಹೇಳಿಕೊಂಡ. 2021ರ ಸೆಪ್ಟೆಂಬರಿನಲ್ಲಿ, ಫೇಸ್‌ಬುಕ್ಕಿನ ಕೆಲಸ ಬಿಟ್ಟು ಬಂದಿದ್ದ ಫ್ರಾನ್ಸಿಸ್ ಹಾಗೆನ್ ಎಂಬ ಮಹಿಳೆ ಹೊರತಂದ ಕಾಗದಪತ್ರಗಳು ಪತ್ರಿಕೆಯಲ್ಲಿ ಪ್ರಕಟವಾದವು. ತಮ್ಮ ದೇಹದ ಬಗೆಗೆ ಮೊದಲೇ ಕೊರಗುತ್ತಿದ್ದ ಹುಡುಗಿಯರಲ್ಲಿ ಮೂವರಿಗೆ ಒಬ್ಬಳಂತೆ, ಇನ್‌ಸ್ಟಾಗ್ರಾಮ್ ಆ ಕೊರಗನ್ನು ಹೆಚ್ಚಿಸಿತೆಂದು ಹೇಳಿದ ಸಂಗತಿ ಕಂಪೆನಿಯ ಒಳಗಿನ ಸಮೀಕ್ಷೆಯಲ್ಲೇ ಇತ್ತು. ಬೇರೆ ಹಲವು ವಿಷಯಗಳಲ್ಲಿ ತಮಗೆ ಅದರಿಂದ ಒಳ್ಳೆಯದಾಯಿತೆಂದ ಹುಡುಗಿಯರೇ ಹೆಚ್ಚು ಎಂಬುದು ಕಂಪೆನಿಯ ಸಮಾಧಾನ. ಇರಬಹುದು. ಆದರೆ ಮೂರನೆಯವಳು ಇದ್ದಾಳೆಂದು ತಿಳಿದೂ ಅಂಗಡಿ ನಡೆಸುವುದು ನ್ಯಾಯವೆ ಎಂಬುದಕ್ಕೆ ಅದು ಉತ್ತರವಾಗುವುದಿಲ್ಲ. ಅಂಕಿಯನ್ನು ಮರೆಮಾಡುವ ಪ್ರಯೋಗವನ್ನೂ ಅವರು 2019ರಲ್ಲಿ ಕೆನಡಾದಲ್ಲಿ ಆರಂಭಿಸಿ ಬೇರೆ ದೇಶಗಳಿಗೂ ಹಬ್ಬಿಸಿದರು. ಕೆಲವರಿಗೆ ಹಿತವಾಯಿತು, ಕೆಲವರಿಗೆ ಕಿರಿಕಿರಿಯಾಯಿತು ಎಂದು ಹೇಳಿ, 2021ರಲ್ಲಿ ಬೇಕಾದವರು ಮುಚ್ಚಿಕೊಳ್ಳಲಿ ಎಂದು ಬಳಸುವವರಿಗೇ ಬಿಟ್ಟರು. ತಕ್ಕಡಿಯನ್ನು ಮನೆಯಲ್ಲಿಟ್ಟು, ತೂಗಿಕೊಳ್ಳುವುದು ಬಿಡುವುದು ನಿನ್ನಿಷ್ಟ ಎಂದು ಹದಿನಾಲ್ಕರ ಮಗುವಿಗೆ ಹೇಳಿದಂತಾಯಿತು.

ಹಳೆಯ ನಾಲ್ವರನ್ನು ನಾನು ಹೊಗಳಿದ್ದು ಸ್ವಲ್ಪ ಅತಿಯಾಯಿತೇನೋ. ಹೋಟೆಲಿನಲ್ಲಿ ಬೇರೆ ಲೋಟ ಇಟ್ಟವರು, ಗಂಡ ಸತ್ತವಳ ತಲೆ ಬೋಳಿಸಿದವರು, ತೊದಲುವ ಹುಡುಗನಿಗೆ ಅಡ್ಡಹೆಸರು ಕಟ್ಟಿದವರು ಈ ನಾಲ್ಕು ಜನರೇ. ತನ್ನ ಊರಿನಲ್ಲಿ, ತನ್ನ ಹಾಸ್ಟೆಲಿನಲ್ಲಿ ಯಾರೊಡನೆಯೂ ಹೇಳಿಕೊಳ್ಳಲಾರದ ಸಂಕಟವುಳ್ಳ ಮಗುವಿಗೆ ಫೋನಿನ ಆಚೆ ತನ್ನಂಥವರೇ ನಾಲ್ವರು ಸಿಕ್ಕರೆ ಅದು ಸಣ್ಣ ಉಪಕಾರವಲ್ಲ. ಅಂಥ ಮಕ್ಕಳನ್ನು ನಾನು ಕಂಡಿದ್ದೇನೆ. ಆದ್ದರಿಂದ ಫೋನನ್ನು ಬಾವಿಗೆ ಎಸೆಯಿರಿ ಎಂಬ ಹಿರಿಯರ ಸಭೆಯಲ್ಲಿ ನನಗೆ ಕೂರಲಾಗುವುದಿಲ್ಲ. ತೊಡಕು ಏನೆಂದರೆ, ಆ ನಾಲ್ವರನ್ನು ಆರಿಸುವುದು ಮಗುವಲ್ಲ, ಯಂತ್ರ. ಲಂಡನ್ನಿನ ಮಾಲಿ ರಸೆಲ್ ಎಂಬ ಹದಿನಾಲ್ಕರ ಹುಡುಗಿ 2017ರ ನವೆಂಬರಿನಲ್ಲಿ ತೀರಿಕೊಂಡಳು. ಸಾಯುವ ಮುಂಚಿನ ಆರು ತಿಂಗಳಲ್ಲಿ ಅವಳು ಇನ್‌ಸ್ಟಾಗ್ರಾಮಿನಲ್ಲಿ ಮೆಚ್ಚಿದ, ಉಳಿಸಿಕೊಂಡ, ಹಂಚಿದ ಸುಮಾರು 16,300 ಬರಹ ಚಿತ್ರಗಳಲ್ಲಿ ಸುಮಾರು 2,100 ಖಿನ್ನತೆ, ಆತ್ಮಹಿಂಸೆ, ಆತ್ಮಹತ್ಯೆಗೆ ಸಂಬಂಧಿಸಿದವು. ಅವಳ ಸಾವಿಗೆ ಇವು ಅಲ್ಪವಲ್ಲದ ರೀತಿಯಲ್ಲಿ ಕಾರಣವಾಗಿದ್ದಿರಬಹುದೆಂದು 2022ರ ಸೆಪ್ಟೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಪು ಕೊಟ್ಟರು. ಅಳುವ ಮಗುವಿನ ಸುತ್ತ ನಾಲ್ಕು ಜನ ಸೇರಿದರೆ ಅವರಲ್ಲಿ ಒಬ್ಬನಾದರೂ ನೀರು ತರಲು ಎದ್ದು ಹೋಗುತ್ತಾನೆ. ಯಂತ್ರ ಅಳುವವರನ್ನೇ ಹುಡುಕಿ ಹುಡುಕಿ ತಂದು ಕೂರಿಸಿತು. ಮನಸ್ಸು ಹೀಗೆ ಕತ್ತಲಾದ ಮಕ್ಕಳಿಗೂ ಅವರ ಮನೆಯವರಿಗೂ 14416 ಎಂಬ ದೂರವಾಣಿ ಸಂಖ್ಯೆ ಇದೆ. ‘ಟೆಲಿ-ಮಾನಸ್’ ಎಂಬ ಆ ಸರಕಾರಿ ಸೇವೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಅಲ್ಲಿ ಉತ್ತರ ಕೊಡುವುದು ಮನುಷ್ಯರು.

ಸರಕಾರಗಳು ವಯಸ್ಸಿನ ಗೆರೆ ಎಳೆಯತೊಡಗಿವೆ. ಆಸ್ಟ್ರೇಲಿಯ 2024ರ ನವೆಂಬರಿನಲ್ಲಿ ಕಾನೂನು ಮಾಡಿ, 2025ರ ಡಿಸೆಂಬರ್ 10ರಿಂದ 16 ತುಂಬದವರು ಈ ತಾಣಗಳಲ್ಲಿ ಖಾತೆ ಇಟ್ಟುಕೊಳ್ಳಬಾರದೆಂದು ವಿಧಿಸಿತು. ತಪ್ಪಿದರೆ ದಂಡ ಕಂಪೆನಿಗೆ, 4 ಕೋಟಿ 95 ಲಕ್ಷ ಆಸ್ಟ್ರೇಲಿಯನ್ ಡಾಲರಿನವರೆಗೆ. ಮಗುವಿಗಾಗಲಿ ತಂದೆತಾಯಿಗಾಗಲಿ ದಂಡವಿಲ್ಲ. ನನಗೆ ಆ ಕಾನೂನಿನಲ್ಲಿ ಹಿಡಿಸಿದ್ದು ಈ ಭಾಗವೇ. ಮಗ ಹದಿನಾರಕ್ಕೆ ಬಂದಾಗ ಅವನನ್ನು ಸ್ನೇಹಿತನಂತೆ ಕಾಣು ಎಂದು ನಮ್ಮ ಹಳೆಯ ಸುಭಾಷಿತವೂ ಅದೇ ಗೆರೆಯನ್ನು ಎಳೆದಿತ್ತೆಂಬುದು ಒಂದು ತಮಾಷೆ. ನಮ್ಮ ಹೈಕೋರ್ಟಿನ ಪೀಠವೊಂದು 2023ರ ಸೆಪ್ಟೆಂಬರಿನಲ್ಲಿ, ವಿಚಾರಣೆಯ ನಡುವಿನ ಮಾತಾಗಿ, 21ರ ಗೆರೆಯಾದರೂ ಆದೀತು ಎಂದಿತ್ತು. ಅದೇ ವರ್ಷದ ನಮ್ಮ ದತ್ತಾಂಶ ರಕ್ಷಣೆಯ ಕಾಯಿದೆ 18 ತುಂಬದವರ ಚಲನವಲನಗಳ ಬೆನ್ನು ಹತ್ತುವುದನ್ನೂ ಅವರಿಗೆ ಗುರಿಯಿಟ್ಟು ಜಾಹೀರಾತು ತೋರಿಸುವುದನ್ನೂ ನಿಷೇಧಿಸಿದೆ. 2025ರ ನವೆಂಬರಿನಲ್ಲಿ ಬಂದ ನಿಯಮಗಳ ಪ್ರಕಾರ ಅದು ಹಂತಹಂತವಾಗಿ ಜಾರಿಗೆ ಬರಬೇಕು. ಬರಲಿ. ಗೆರೆಯನ್ನು ಸುಳ್ಳು ಹುಟ್ಟಿದ ದಿನದಿಂದ ದಾಟುವ ಜಾಣತನ ನಮ್ಮ ಹುಡುಗರಿಗೆ ಇದ್ದೇ ಇದೆ. ಒಂದನೆಯ ತರಗತಿಗೆ ಸೇರಿಸುವಾಗ ಅದನ್ನು ಕಲಿಸಿದವರು ನಾವೇ ತಾನೆ!

ಕಾನೂನು ಕಂಪೆನಿಯನ್ನು ಕಟ್ಟಿಹಾಕಬಹುದು. ನಾಲ್ಕು ಜನರನ್ನು ಮೊದಲು ಕರೆತಂದವರು ಮಾತ್ರ ಮನೆಯವರು. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಬೆಳಗ್ಗೆ ಹತ್ತೂವರೆಯಿಂದ ಹನ್ನೊಂದರವರೆಗೆ ಯಾರದಾದರೂ ವಾಟ್ಸಾಪ್ ನೋಡಿ. ಮಗುವಿನ ಅಂಕಪಟ್ಟಿ, ಬಾಯಿಗೆ ತುರುಕಿದ ಪೇಡ, ಕೆಳಗೆ ಮೂವತ್ತು ಕೈಮುಗಿದ ಹಸ್ತಗಳು. ಆ ಮೂವತ್ತರಲ್ಲಿ ಹತ್ತು ಜನರ ಮನೆಯಲ್ಲಿ ಇನ್ನೊಂದು ಮಗು ಅದೇ ಹೊತ್ತಿನಲ್ಲಿ ಬಚ್ಚಲುಮನೆಯ ಅಗುಳಿ ಹಾಕಿಕೊಂಡಿರುತ್ತದೆ. ಕಾಲೇಜುಗಳೇನೂ ಕಡಮೆಯಿಲ್ಲ, ರ‍್ಯಾಂಕು ಬಂದವರ ಮುಖಗಳನ್ನು ಬಸ್ಸಿನ ಹಿಂಬದಿಯಲ್ಲಿ ಅಂಟಿಸುತ್ತೇವೆ. ಹುಟ್ಟಿದ ಮೂರನೆಯ ದಿನಕ್ಕೇ ಕೂಸಿನ ಚಿತ್ರ ಲೋಕಕ್ಕೆಲ್ಲ ಹೋಗುತ್ತದೆ; ಒಂದು ಮಾತು ಕೇಳಿ ಒಪ್ಪಿಗೆ ಪಡೆಯುವುದಕ್ಕೆ ಅದಕ್ಕಿನ್ನೂ ಬಾಯಿ ಬಂದಿರುವುದಿಲ್ಲ.

ನಮ್ಮ ಅಜ್ಜಿಯರು ಹೀಗೆ ಮಾಡುತ್ತಿರಲಿಲ್ಲ. ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟಿಟ್ಟು, ಸಂಜೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಿದ್ದರು. ಇದನ್ನು ಮೂಢನಂಬಿಕೆಯೆಂದು ನಾವು ಸರಿಯಾಗಿಯೇ ಬಿಟ್ಟೆವು. ಕಣ್ಣಿನಿಂದ ವಿಷ ಹರಿಯುತ್ತದೆಂದು ನಾನೂ ನಂಬುವುದಿಲ್ಲ. ಆದರೆ ಅವರು ಹೆದರುತ್ತಿದ್ದುದು ಕೆಟ್ಟ ಕಣ್ಣಿಗೆ ಮಾತ್ರವಲ್ಲ. “ಎಷ್ಟು ಚೆಲುವಾಗಿದೆ ಮಗು!” ಎಂದು ಯಾರಾದರೂ ಮೆಚ್ಚಿದರೂ ಅವರಿಗೆ ದಿಗಿಲು. ಮೆಚ್ಚುವ ಕಣ್ಣೂ ಮಗುವಿಗೆ ಭಾರವಾದೀತು, ಬಹಳ ಕಣ್ಣು ಒಮ್ಮೆಗೇ ಬೀಳಬಾರದು ಎಂಬ ಅಂಜಿಕೆ ಆ ಬೊಟ್ಟಿನ ಹಿಂದೆ ಇತ್ತು. ಬೊಟ್ಟನ್ನು ಬಿಡುವಾಗ ಆ ಅಂಜಿಕೆಯನ್ನೂ ಬಿಟ್ಟುಬಿಟ್ಟೆವು. ಬೀಜವನ್ನು ಎಲ್ಲರೂ ನೋಡಲೆಂದು ಮಣ್ಣಿನ ಮೇಲೆ ಇಡುವ ಬೇಸಾಯಗಾರನಿಲ್ಲ. ಹದಿಮೂರರಿಂದ ಹದಿನೇಳರವರೆಗಿನ ವಯಸ್ಸಿಗೆ, ಯಾರೂ ನೋಡದ ಒಂದು ಜಾಗ ಊಟ ನಿದ್ರೆಗಳಷ್ಟೇ ಅಗತ್ಯವೆಂದು ನನಗನ್ನಿಸುತ್ತದೆ. ಅಲ್ಲಿ ಅವರು ಕೆಟ್ಟ ಪದ್ಯ ಬರೆಯಬೇಕು, ಹುಚ್ಚು ಹುಚ್ಚಾಗಿ ಹಾಡಬೇಕು, ಇವತ್ತು ನಾಸ್ತಿಕರಾಗಿ ನಾಳೆ ಮೂರು ಹೊತ್ತು ಸಂಧ್ಯಾವಂದನೆ ಮಾಡಬೇಕು, ಯಾವುದಕ್ಕೂ ಸಾಕ್ಷಿ ಉಳಿಯಬಾರದು. ಆ ಜಾಗವನ್ನು ಅವರಿಗೆ ಒದಗಿಸುವುದು ದೊಡ್ಡವರ ಋಣ. ಹಾಗೆಂದು ಅವರ ಫೋನನ್ನು ಕದ್ದು ಓದುವುದರಿಂದ ಋಣ ತೀರುವುದಿಲ್ಲ. ನೋಡುವ ಕಣ್ಣುಗಳಿಗೆ ನಮ್ಮದೂ ಎರಡು ಸೇರುತ್ತವೆ, ಅಷ್ಟೆ.

ಈ ವರ್ಷ ನನ್ನ ತರಗತಿಯಲ್ಲಿ ಒಂದು ಸಣ್ಣ ಕೆಲಸ ಕೊಟ್ಟಿದ್ದೇನೆ. ವಾರಕ್ಕೆ ಒಂದು ಪುಟ ಬರೆಯಬೇಕು, ಅದನ್ನು ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ಬರೆದುದನ್ನು ಕಣ್ಣಿಗೆ ತೋರಿಸಿ, ಮುಚ್ಚಿ, ಒಯ್ಯಬಹುದು. ಹೇಳಿ ಮುಗಿಸಿದೊಡನೆ ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಇದಕ್ಕೆ ಎಷ್ಟು ಮಾರ್ಕ್ಸು ಸಾರ್?” ಮಾರ್ಕ್ಸಿಲ್ಲವೆಂದೆ. ಹಾಗಾದರೆ ಯಾರಿಗಾಗಿ ಬರೆಯುವುದು ಎಂದು ಇನ್ನೊಬ್ಬ ಕೇಳಿದ. ಕುಚೋದ್ಯವಿರಲಿಲ್ಲ, ಅವನಿಗೆ ನಿಜವಾಗಿಯೂ ತಿಳಿದಿರಲಿಲ್ಲ. ಮೊದಲ ವಾರ ಅರವತ್ತು ಜನರಲ್ಲಿ ಒಂಬತ್ತು ಜನ ಪುಟ ತಂದರು. ಒಬ್ಬ ತನ್ನದನ್ನು ನಾಲ್ಕು ಮಡಿಕೆ ಮಾಡಿ ಸುತ್ತಲೂ ಪಿನ್ನು ಹೊಡೆದಿದ್ದ. ಎರಡನೆಯ ವಾರ ಹದಿನಾಲ್ಕಾಯಿತು.